ಓನರ್ ಅಜ್ಜಿ ತೆಗೆಸಿದ ಬೀಗಗಳು

ಹೋದ ವಾರ ನನ್ನ ಅಂಗಡಿಯ ಶಟರ್‌ಗೆ ಹೊಸ ಬೀಗ ಕೊಳ್ಳಲು ಹೋಗಿದ್ದೆ. ಹೇಳಿದ ಬೆಲೆಗೆ ನಾನು ಯಾವತ್ತೂ ಏನನ್ನೂ ಕೊಂಡವಳಲ್ಲ. ಹಾರ್ಡ್‌ವೇರ್ ಅಂಗಡಿಯವನಿಗೂ ಅದು ಗೊತ್ತು. ಚೌಕಾಸಿ ಅರ್ಧಕ್ಕೆ ಬಂದಿತ್ತು. ಬೀಗ ಎಷ್ಟು ಸಲೀಸು ಎಂದು ತೋರಿಸಲು ಅವನು ಅದಕ್ಕೊಂದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟ. ಕಬ್ಬಿಣದ ಜೊತೆ ಸೇರಿದ ಆ ಎಣ್ಣೆಯ ವಾಸನೆ ಬಂದದ್ದೇ ತಡ, ನನಗೆ ಚೌಕಾಸಿಯೇ ಮರೆತುಹೋಯಿತು. ಅವನು ಕೇಳಿದಷ್ಟೇ ಕೊಟ್ಟು ಬಂದೆ. ಅದು ನಮ್ಮ ಓನರ್ ಅಜ್ಜಿಯ ಕೈಯ ವಾಸನೆ...

ಪಟ್ಟಂದೂರು ಅಗ್ರಹಾರದಲ್ಲಿ ನಾವು ಬಾಡಿಗೆಗಿದ್ದ ವಠಾರ ಅಜ್ಜಿಯದು. ಹಿಂದೆ ಅವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಎದುರುಬದುರು ಸಾಲುಮನೆಗಳು, ನಡುವೆ, ಗೋಡೆಗೊತ್ತಿ ಬೈಕು ನಿಂತರೆ ಒಂದು ಕಾರು ಹೋಗುವಷ್ಟೇ ಅಗಲದ ಓಣಿ, ತುದಿಯಲ್ಲಿ ಗೇಟು. ನಮ್ಮದು ತೀರಾ ಒಳಗಿನ ಮನೆ. ಐಟಿ ಪಾರ್ಕಿನಲ್ಲಿ ಸೆಕ್ಯುರಿಟಿ, ಹೌಸ್‌ಕೀಪಿಂಗ್, ಕ್ಯಾಂಟೀನ್ ಕೆಲಸ ಮಾಡುವವರೇ ಬಾಡಿಗೆದಾರರು. ಅವರ ಬೈಕು, ಸ್ಕೂಟರು ಓಣಿಯ ತುಂಬ. ಅಜ್ಜಿ ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಸಿಕ್ಕಿಸಿಕೊಂಡು, ಅಮಾವಾಸ್ಯೆ ಬಂತೆಂದರೆ ಎಲ್ಲ ಮನೆಯ ಬೀಗಗಳಿಗೂ ಎಣ್ಣೆ ಬಿಡುತ್ತಿದ್ದರು. ಯಾಕಜ್ಜಿ ಎಂದರೆ, "ತೆಗೀಬೇಕಾದಾಗ ಬೀಗ ಅಟ ಮಾಡಬಾರ್ದು ಕಣಮ್ಮಿ" ಎನ್ನುತ್ತಿದ್ದರು.

ನಾನಾಗ ಹೆಗಲ ಮೇಲೆ ನೈಟಿಗಳ ಗಂಟು ಹೊತ್ತು ಅಪಾರ್ಟ್‌ಮೆಂಟುಗಳಲ್ಲಿ ಮಾರುತ್ತಿದ್ದೆ. ಯಜಮಾನರು ಕಂಪನಿಯ ಕ್ಯಾಬ್ ಓಡಿಸುತ್ತಿದ್ದರು. ನನಗೆ ಎರಡನೆಯ ಬಸಿರು ನಿಂತಿತ್ತು. ಮೊದಲ ಹೆರಿಗೆ ಆಸ್ಪತ್ರೆಯಲ್ಲಿ ಆಗಿತ್ತು. ಎಲ್ಲ ಸರಿಯಾಗಿಯೇ ಆಯಿತು, ದೂರುವುದಕ್ಕೇನಿಲ್ಲ. ಆದರೆ ನೋವು ಬಂದಾಗ ಎದ್ದು ನಡೆಯುವ ಹಾಗಿರಲಿಲ್ಲ, ಹಿಡಿದುಕೊಳ್ಳಲು ನಮ್ಮವರದೊಂದು ಕೈ ಇರಲಿಲ್ಲ. ಈ ಸಲ ನನ್ನ ಮನೆಯಲ್ಲೇ, ನನ್ನ ಕಾಲ ಮೇಲೆ ಓಡಾಡಿಕೊಂಡು ಹೆರಬೇಕೆಂದು ಮನಸ್ಸು ಹಿಡಿದುಬಿಟ್ಟಿತ್ತು.

ನನ್ನ ಗಿರಾಕಿಯೊಬ್ಬರು ರಿಟೈರಾದ ನರ್ಸು, ಹಾವೇರಿ ಕಡೆಯವರು. ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಅವರನ್ನು ಕೇಳಿದೆ. ಸ್ಕ್ಯಾನ್ ಸರಿಯಿರಬೇಕು, ಮಗುವಿನ ತಲೆ ಕೆಳಗಿರಬೇಕು, ಹತ್ತಿರದ ಆಸ್ಪತ್ರೆಯ ಡಾಕ್ಟರಿಗೆ ವಿಷಯ ತಿಳಿದಿರಬೇಕು, ಬಾಗಿಲ ಮುಂದೆ ಕಾರು ರಸ್ತೆಯ ಕಡೆ ಮುಖ ಮಾಡಿ ನಿಂತಿರಬೇಕು ಎಂದರು. ಕಾರು ಮೇನ್ ರೋಡಿನಲ್ಲಿದ್ದರೆ ನಡೆಯುತ್ತಲ್ಲ ಎಂದು ನಾನು ಎಳೆದಾಡಿದೆ.

"ಇದು ನೈಟಿ ಅಲ್ಲವ್ವಾ, ಚೌಕಾಸಿ ಮಾಡಾಕ," ಎಂದರು ಸಿಸ್ಟರ್. "ಇವಿಷ್ಟೂ ಇದ್ರ ಬರ್ತೀನಿ. ಇಲ್ಲಾಂದ್ರ ಆಸ್ಪತ್ರಿಗೆ ನಡಿ."

ನಾನು ಸೋತ ವ್ಯಾಪಾರಗಳು ಕಡಿಮೆ. ಇದೊಂದರಲ್ಲಿ ಸೋತದ್ದು ನನ್ನ ಪುಣ್ಯ.

ತಯಾರಿ ಶುರುವಾಯಿತು. ಹಳೆಯ ಕಾಟನ್ ಸೀರೆಗಳನ್ನು ಕುದಿಸಿ ಬಿಸಿಲಿಗೆ ಹಾಕಿದೆ, ಹಾಸಿಗೆಗೆ ಪ್ಲಾಸ್ಟಿಕ್ ಶೀಟು ತಂದೆ, ದೊಡ್ಡ ಮಗುವನ್ನು ಊರಿಗೆ ಕಳಿಸಿದೆ, ಬೆಳಿಗ್ಗೆ ಸಂಜೆ ಓಣಿಯಲ್ಲಿ ನಡೆದೆ. ಯಜಮಾನರು ಗೊಣಗಿಕೊಂಡೇ ಡ್ಯೂಟಿಗೆ ರಜೆ ಹಾಕಿ, ಕಾರನ್ನು ಒಳಗೆ ತಂದು ಬಾಗಿಲ ಮುಂದೆ ರಸ್ತೆಯ ಕಡೆ ಮುಖ ಮಾಡಿ ನಿಲ್ಲಿಸಿದರು. ಮನೆಯಲ್ಲಿ ಹೆರಿಗೆ ಎಂದರೆ ಹಳೆಯ ಕಾಲದ ಅಜ್ಜಿಗೆ ಖುಷಿಯಾದೀತು ಎಂದುಕೊಂಡಿದ್ದೆ. ಅವರ ಮುಖ ಸಪ್ಪಗಾಯಿತು.

"ನಮ್ ಕಾಲ್ದಲ್ಲಿ ಎಲ್ಲಾ ಎರಿಗೆ ಮನೇಲೇ ಆಗಿದ್ದು ಅಂತೀರ. ಅದ್ರಲ್ಲಿ ಯಾರ್ ಉಳುದ್ರು ಅಂತ ಯಾರೂ ಕೇಳಲ್ಲ. ನಮ್ಮಕ್ಕ... ಮಗಾ ಉಟ್ಟಿತ್ತು. ಗಾಡಿಗೆ ಎತ್ತು ಕಟ್ಟೋಷ್ಟ್ರಲ್ಲಿ..." ಎಂದವರು ಎದ್ದು ಓಣಿಯ ಕಡೆ ನಡೆದರು. ಬೇಡ ಎಂದು ಮಾತ್ರ ಹೇಳಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನೋವು ಬಂತು. ಸಿಸ್ಟರ್ ತಮ್ಮ ಬ್ಯಾಗು ಹಿಡಿದು ಬಂದರು. ಅವರ ಹಿಂದೆಯೇ ಅಜ್ಜಿ. ಬಸುರಿಗೆ ನೋವು ಬಂದಾಗ ಮನೆಯಲ್ಲಿ ಗಂಟು, ಬೀಗ ಯಾವುದೂ ಇರಬಾರದು ಎನ್ನುವುದು ಅವರ ಮನೆತನದ ಶಾಸ್ತ್ರ. ನನ್ನ ಜಡೆ ಬಿಚ್ಚಿದರು, ನೈಟಿ ಗಂಟನ್ನೂ ಬಿಡಿಸಿದರು, ಟ್ರಂಕು ತೆರೆದರು, ಅಕ್ಕಿ ಡಬ್ಬಿಯ ಮುಚ್ಚಳವನ್ನೂ ಬಿಡಲಿಲ್ಲ. ಆಮೇಲೆ ಓಣಿಗಿಳಿದರು. ಗೇಟಿನ ಬೀಗ ತೆಗೆದದ್ದು ಕೇಳಿಸಿತು. ಅಷ್ಟಕ್ಕೆ ಮುಗಿಯಿತು ಎಂದುಕೊಂಡರೆ, ಎದುರು ಮನೆಯ ಸೆಕ್ಯುರಿಟಿ ಹುಡುಗನ ಬಾಗಿಲು ಬಡಿಯತೊಡಗಿದರು.

"ಏಯ್, ಎದ್ದೇಳ್ಲಾ! ನಿನ್ ಗಾಡಿ ಆಂಡಲ್ ಲಾಕ್ ತೆಗಿ."

"ಅಜ್ಜೀ, ನೈಟ್ ಡ್ಯೂಟಿ ಮುಗ್ಸಿ ಈಗ ಮಲಗಿದೀನಿ. ನನ್ ಬೈಕ್‌ಗೂ ಹೆರಿಗೆಗೂ ಏನಜ್ಜಿ ಸಂಬಂಧ?"

"ಬೀಗ ಅಂದ್ಮೇಲೆ ಬೀಗಾನೇ. ನಿಮ್ಮವ್ವನ ಎರಿಗೇಲಿ ಯಾರೋ ಪುಣ್ಯಾತ್ಮರು ತೆಗುದಿದ್ರು ಕಣ್ಲಾ, ಅದ್ಕೇ ನೀನು ಒರಗ್ ಬಿದ್ದಿರಾದು!"

ನೋವಿನ ನಡುವೆಯೂ ನನಗೆ ನಗು ಉಕ್ಕಿಬಂತು. "ನಗು, ನಗು. ನಕ್ರ ಮೈ ಸಡ್ಲ ಆಗ್ತೈತಿ," ಎಂದರು ಸಿಸ್ಟರ್. ಹೊರಗೆ ಬಾಗಿಲಿಂದ ಬಾಗಿಲಿಗೆ ಅಜ್ಜಿಯ ಗದ್ದಲ ಸಾಗಿತ್ತು. ಊರಿಗೆ ಹೋದವನೊಬ್ಬನಿಗೆ ಫೋನು ಮಾಡಿಸಿ, ಕೀಲಿ ಎಲ್ಲಿದೆ ಎಂದು ಕೇಳಿ, ಅವನ ಸ್ಕೂಟರಿನ ಲಾಕನ್ನೂ ತೆಗೆಸಿದರು.

ನಾನು ನಡೆದೆ, ಗೋಡೆಗೆ ಹಣೆ ಒತ್ತಿ ನಿಂತೆ, ಅಡುಗೆಮನೆಯ ಚೌಕಟ್ಟು ಹಿಡಿದು ತೂಗಿದೆ. ಕೊನೆಗೆ ಕುಕ್ಕರಗಾಲಿನಲ್ಲಿ ಕೂತೆ. ಯಜಮಾನರು ಹಿಂದಿನಿಂದ ಕಂಕುಳಿಗೆ ಕೈಕೊಟ್ಟು ಹಿಡಿದಿದ್ದರು. ಪಕ್ಕದ ಮನೆಯಲ್ಲಿ ಮಧ್ಯಾಹ್ನದ ಅಡುಗೆಯ ಕುಕ್ಕರ್ ಕೂಗುವಾಗ ಮಗಳು ಹುಟ್ಟಿದಳು. ಕುಕ್ಕರಿಗಿಂತ ಜೋರಾಗಿ ಅತ್ತಳು. ಒದ್ದೆ ಮೈಯನ್ನು ನನ್ನ ಎದೆಯ ಮೇಲಿಟ್ಟಾಗ... ಅದನ್ನು ಬರೆಯಲು ನನಗೆ ಬರುವುದಿಲ್ಲ.

ಆದರೆ ಮಗುವಿನ ಹಿಂದೆ ಬರಬೇಕಾದ ಮಾಸು ಬರಲಿಲ್ಲ. ಸಿಸ್ಟರ್ ಇಂಜೆಕ್ಷನ್ ಕೊಟ್ಟು ಕಾದರು. ರಕ್ತ ಹೆಚ್ಚಾಯಿತು. ಸಿಸ್ಟರ್ ಯಜಮಾನರ ಕಡೆ ತಿರುಗಿ ಆಡಿದ್ದು ಎರಡೇ ಮಾತು: "ಗಾಡಿ ತಗೀರಿ. ಈಗ."

ಭಾನುವಾರದ ನಮ್ಮ ಓಣಿ ಎಂದರೆ, ನಡೆದು ಹೋಗುವವರೂ ಅಡ್ಡ ತಿರುಗಬೇಕು. ಬೇರೆ ದಿನವಾಗಿದ್ದರೆ ಯಾವ ಬೈಕು ಯಾರದು, ಕೀಲಿ ಎಲ್ಲಿ ಎಂದು ಕೂಗಾಡುವುದರಲ್ಲೇ ಹೊತ್ತು ಹೋಗುತ್ತಿತ್ತು. ಅವತ್ತು ಒಂದು ಗಾಡಿಗೂ ಲಾಕಿರಲಿಲ್ಲ. ವಠಾರದವರೆಲ್ಲ ಕೈಗೆ ಸಿಕ್ಕಿದ್ದನ್ನು ಗೋಡೆಗೆ ತಳ್ಳಿದರು. ಬೈದುಕೊಂಡು ಎದ್ದಿದ್ದ ಸೆಕ್ಯುರಿಟಿ ಹುಡುಗನೇ ಮುಂದಾಗಿ ಎರಡು ಬೈಕು ಎಳೆದ. ಕಾರು ಎಲ್ಲೂ ನಿಲ್ಲದೆ ಹೊರಟಿತು. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ತೆರೆದ ಗೇಟು ಮುಚ್ಚಿಕೊಳ್ಳದಂತೆ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದರು. ಅವರ ತುಟಿ ಅಲುಗುತ್ತಿತ್ತು. ದೇವರನ್ನು ಕರೆಯುತ್ತಿದ್ದರೋ, ಅಕ್ಕನನ್ನೋ...

ಆಸ್ಪತ್ರೆಯಲ್ಲಿ ಮಾಸು ತೆಗೆದರು, ರಕ್ತ ನಿಂತಿತು. ತಡ ಮಾಡದೆ ಬಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಯಜಮಾನರು ಅಲ್ಲೇ ಕಾರಿಡಾರಿನಲ್ಲಿ ಕೂತು ಮಗುವಿನ ಹಾಗೆ ಅತ್ತರಂತೆ.

ಮನೆಗೆ ಬಂದ ಮೇಲೆ ಅಜ್ಜಿಯನ್ನು ಕೇಳಿದೆ, ಹ್ಯಾಂಡಲ್ ಲಾಕ್ ತೆಗೆಯುವುದೂ ನಿಮ್ಮ ಶಾಸ್ತ್ರದಲ್ಲಿದೆಯಾ ಎಂದು.

"ಶಾಸ್ತ್ರಕ್ಕೇನ್ ಗೊತ್ತಮ್ಮಿ ಬೈಕು? ನಾವ್ ಯೋಳ್ಕೊಡ್ಬೇಕು," ಎಂದರು ಮಗುವಿನ ತಲೆಗೆ ಎಣ್ಣೆ ಒತ್ತುತ್ತಾ. "ಗಾಡಿ ಜರುಗ್ಸು ಅಂದ್ರೆ ಯಾವನ್ ಬತ್ತಾನೆ? ಶಾಸ್ತ್ರ ಅಂದ್ರೆ ಬೈಕೊಂಡಾದ್ರೂ ಎದ್ದ್ ಬತ್ತಾನೆ."

ಇಷ್ಟು ವರ್ಷ ವ್ಯಾಪಾರ ಮಾಡಿದ್ದೇನೆ. ಅಂಥ ಚೌಕಾಸಿ ನನ್ನ ಕೈಯಲ್ಲೂ ಆಗಿಲ್ಲ.

ಈಗ ನನ್ನ ಅಂಗಡಿಗೆ ಬಸುರಿಯರು ನೈಟಿ ಕೊಳ್ಳಲು ಬರುತ್ತಾರೆ. ಮನೆಯಲ್ಲೇ ಹೆರಬಹುದಾ ಎಂದು ಕೆಲವರು ನನ್ನನ್ನು ಕೇಳುತ್ತಾರೆ. ಬೇಡ ಎನ್ನುವುದಿಲ್ಲ. ಡಾಕ್ಟರು ಒಪ್ಪಬೇಕು, ಕಲಿತ ಕೈ ಪಕ್ಕದಲ್ಲಿರಬೇಕು ಎನ್ನುತ್ತೇನೆ. ಆಮೇಲೆ, ಒಂದು ಸಲ ಎದ್ದು ಹೋಗಿ ನಿಮ್ಮ ಓಣಿ ನೋಡಿಕೊಂಡು ಬನ್ನಿ ಎನ್ನುತ್ತೇನೆ.

ಅಜ್ಜಿ ಹೋಗಿ ವರ್ಷದ ಮೇಲಾಯಿತು. ನಾನು ಸರಕು ತರಲು ಸೂರತ್ತಿಗೆ ಹೋಗಿದ್ದೆ, ಮುಖ ನೋಡಲಾಗಲಿಲ್ಲ. ವಠಾರ ಖಾಲಿಯಾಗಿದೆ, ಪಿಜಿ ಕಟ್ಟುತ್ತಾರಂತೆ. ಗೇಟಿಗೆ ಸರಪಳಿ ಸುತ್ತಿ ಬೀಗ ಜಡಿದಿದ್ದಾರೆ. ಅಜ್ಜಿಯ ಬೀಗವೇ ಅದು, ಗುರುತು ಹಿಡಿದೆ. ತುಕ್ಕು ಹಿಡಿದಿದೆ.

ನಿನ್ನೆ ಅಮಾವಾಸ್ಯೆ. ಅಂಗಡಿ ಮುಚ್ಚುವ ಮುನ್ನ ಹೊಸ ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಟ್ಟೆ. ಮಗಳು ಬೆರಳಿಗೆ ಅಂಟಿದ ಎಣ್ಣೆ ಮೂಸಿ, "ಹೊಸ ಬೀಗಕ್ಕೆ ಯಾಕಮ್ಮಾ ಎಣ್ಣೆ?" ಎಂದಳು. ಅವಳ ಕೈಗೇ ಕೀಲಿ ಕೊಟ್ಟು, ತಿರುಗಿಸು ನೋಡೋಣ ಎಂದೆ.