ಪಾಸು ಕೊಟ್ಟವರಿಗೇ ಪಾಸು

ಆಳಂದದ ನಮ್ಮ ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದಲ್ಲಿ ಇದ್ದದ್ದೇ ಐದು ಮಂದಿ. ಆಟಕ್ಕೆ ಬೇಕಾದವರೂ ಐದು. ಬದಲಿ ಆಟಗಾರ್ತಿಯರು ಕೂರಬೇಕಾದ ಬೆಂಚಿನ ಮೇಲೆ ನಮ್ಮ ನೀರಿನ ಬಾಟಲಿ, ಚಪ್ಪಲಿ ಕೂರುತ್ತಿದ್ದವು. ಒಬ್ಬಳಿಗೆ ಜ್ವರ ಬಂದರೆ ತಂಡಕ್ಕೇ ಜ್ವರ. ಹೀಗಿರುವಾಗ, ಅಫಜಲಪುರದವರ ಜೊತೆಗಿನ ಪಂದ್ಯಕ್ಕೆ ಇನ್ನು ಒಂದೇ ವಾರವಿದೆ ಎನ್ನುವಾಗ, ನಮ್ಮ ಐದನೆಯವಳು ಸರ್ ಹತ್ತಿರ ಹೋಗಿ, "ಈ ಮ್ಯಾಚ್ ಮುಗದ ಮ್ಯಾಲ ನಾ ಬರಂಗಿಲ್ರಿ" ಅಂದುಬಿಟ್ಟಳು.

ಸರ್ ಎಂದರೆ ನಮ್ಮ ಆಟದ ಮಾಸ್ತರರು. ಕಬಡ್ಡಿ ಆಡಿ ಬೆಳೆದವರು, ಬಾಸ್ಕೆಟ್‌ಬಾಲನ್ನು ಮೊಬೈಲಿನಲ್ಲಿ ನೋಡಿ ತಾವು ಕಲಿತು ನಮಗೂ ಕಲಿಸಿದವರು. "ಯಾಕವ್ವಾ, ಏನಾಯ್ತು?" ಎಂದರು.

"ಏನೂ ಆಗಿಲ್ರಿ. ಆ ಕಡಿ ಓಡ್ತೇನಿ, ಈ ಕಡಿ ಓಡ್ತೇನಿ, ಬಾಲ್ ಅಂತೂ ಕೈಗಿ ಬರಂಗಿಲ್ಲ. ಬರೇ ಓಡೂದಾದ್ರ ಹಾಸ್ಟೆಲ್ ಸುತ್ತ ಓಡ್ತೇನಿ ಬಿಡ್ರಿ."

ನನಗೆ ಮೈಯೆಲ್ಲ ಉರಿದುಹೋಯಿತು. ಇವಳು ಬಿಟ್ಟರೆ ಉಳಿದ ನಾಲ್ವರು ಲಗೋರಿ ಆಡಬೇಕಷ್ಟೆ. "ನಿನಗ ಬಾಲ್ ಕೊಡಬ್ಯಾಡ್ರಿ ಅಂತ ಯಾರರ ಹೇಳ್ಯಾರೇನಬೇ?" ಎಂದು ಜೋರು ಮಾಡಿದೆ. ಸರ್ ಕಾಲೇಜಿನ ಹುಡುಗರನ್ನು ನಮ್ಮ ಎದುರಿಗೆ ಆಡಲು ಬಿಟ್ಟು, ಕಟ್ಟೆಯ ಮೇಲೆ ಕೂತು ನೋಡತೊಡಗಿದರು.

ನಮ್ಮ ರಕ್ಷಣೆಯ ಆಟದಲ್ಲಿ ಯಾರೂ ತಪ್ಪು ಹುಡುಕುವ ಹಾಗಿರಲಿಲ್ಲ. ಮುಂದೆ ಇಬ್ಬರು, ಹಿಂದೆ ಮೂವರು, ಒಬ್ಬೊಬ್ಬರಿಗೆ ಕಾಯಲು ಅಂಗಳದ ಒಂದೊಂದು ತುಂಡು. ಇದನ್ನು ಕಲಿಸಲು ಸರ್ ಬೆವರು ಸುರಿಸಬೇಕಾಗಲಿಲ್ಲ. ನಾವು ಹೊಲ ಇರುವ ಮನೆಯವರು. ಒಡ್ಡಿನ ಆಚೆ ಯಾರದು, ಈಚೆ ಯಾರದು ಎನ್ನುವ ಜಗಳ ಕೇಳುತ್ತಲೇ ದೊಡ್ಡವರಾದವರು. ಎದುರಿನವಳು ನನ್ನ ತುಂಡಿನಲ್ಲಿ ಕಾಲಿಟ್ಟಳೋ, ನಾನು ಎರಡೂ ಕೈ ಎತ್ತಿ ಅಡ್ಡ ನಿಂತೆನೆಂದೇ ಲೆಕ್ಕ.

ಎಡವಟ್ಟು ಇದ್ದದ್ದು ದಾಳಿಯಲ್ಲಿ. ಚೆಂಡನ್ನು ಪುಟಿಸುತ್ತ ಮುಂದಕ್ಕೆ ತರುವವಳು ನಾನು, ಸರಸಂಬಾದಿಂದ ಬಸ್ಸಿಗೆ ಬರುವ ಗಿಡ್ಡಿ. ಕಿಣ್ಣಿ ಸುಲ್ತಾನ ಎಂಬ ಊರಿನ ಎತ್ತರದ ಹುಡುಗಿಗೆ ಕೊಡುತ್ತಿದ್ದೆ, ಅವಳು ತಿರುಗಿ ನನಗೇ ಕೊಡುತ್ತಿದ್ದಳು. ಆಳಂದ ಪೇಟೆಯ ಅಕ್ಕತಂಗಿಯರಿಗೆ ಕೊಟ್ಟರೂ ಅದೇ ಕಥೆ. ಸ್ವಲ್ಪ ಹೊತ್ತು ನೋಡಿದ ಸರ್ ಸೀಟಿ ಊದಿ ಎದ್ದು ಬಂದರು.

"ಇದು ಆಟ ಅಲ್ರವ್ವಾ, ಆಯೇರಿ! ನೀವು ಲಗ್ನಕ್ಕ ಬಂದೀರೋ ಪ್ರ್ಯಾಕ್ಟೀಸಿಗಿ ಬಂದೀರೋ?"

ನಾವು ನಕ್ಕೆವು, ಯಾಕೆಂದರೆ ಅದು ನಿಜವಾಗಿತ್ತು. ನಮ್ಮ ಕಡೆ ಆಯೇರಿ ಎಂದರೆ ಮದುವೆಯ ಉಡುಗೊರೆ; ನಮಗೆ ಸೀರೆ ಆಯೇರಿ ಮಾಡಿದವರ ಮನೆಯಲ್ಲಿ ಮದುವೆಯಾದರೆ ನಾವೂ ಸೀರೆ ಒಯ್ಯಲೇಬೇಕು. ತಪ್ಪಿತೋ, ಮುಂದಿನ ಹತ್ತು ಮದುವೆಗಳಲ್ಲಿ ಅದೇ ಮಾತು. ಅವ್ವಂದಿರ ಸೆರಗು ಹಿಡಿದು ಇದನ್ನೆಲ್ಲ ನೋಡಿದವರ ಕೈಗೆ ಚೆಂಡು ಕೊಟ್ಟರೆ ಇನ್ನೇನಾದೀತು? ಕೊಟ್ಟವಳಿಗೆ ತಿರುಗಿ ಕೊಡುವುದೇ ಮರ್ಯಾದೆ.

ಐದನೆಯವಳು ಜೇವರ್ಗಿ ಕಡೆಯವಳು, ಹಾಸ್ಟೆಲಿನಲ್ಲಿದ್ದು ಓದುವವಳು. ಮೊದಲ ದಿನ ಅವಳಿಗೂ ಚೆಂಡು ಕೊಟ್ಟಿದ್ದೆವು. ಗಾಬರಿಯಲ್ಲಿ ಪುಟಿಸುವುದನ್ನೇ ಮರೆತು ಬಗಲಲ್ಲಿ ಹಿಡಿದುಕೊಂಡು ನಡೆದಳು. ಸೀಟಿ ಬಿತ್ತು, ಚೆಂಡು ಹುಡುಗರ ಪಾಲಾಯಿತು. ಕೊಟ್ಟದ್ದು ತಿರುಗಿ ಬರಲಿಲ್ಲವಲ್ಲ, ಅಲ್ಲಿಗೆ ಅವಳ ಜೊತೆಗಿನ ಕೊಡುಕೊಳ್ಳುವಿಕೆ ಮುಗಿಯಿತು. ಯಾರೂ ಕೂತು ಮಾತಾಡಿ ಮಾಡಿದ್ದಲ್ಲ. ಆಮೇಲೆ ಅವಳು ರಿಂಗಿನ ಎಡಗಡೆ, ಕರೆಯದ ಮದುವೆಗೆ ಬಂದವಳ ಹಾಗೆ ನಿಂತಿರುತ್ತಿದ್ದಳು. ಸರ್ ಇದನ್ನು ಬಿಡಿಸಿ ಹೇಳಿದಾಗ ನನಗೆ ಅವಳ ಮುಖ ನೋಡಲು ಸಂಕೋಚವಾಯಿತು.

ಹೇಳಿದ ಮಾತ್ರಕ್ಕೆ ಕೈ ಕೇಳಬೇಕಲ್ಲ! ಅಫಜಲಪುರಕ್ಕೆ ಹೋಗಿ ಆಡಿದಾಗಲೂ ಅದೇ ರಾಗ, ಅದೇ ಹಾಡು. ಆ ಹುಡುಗಿಯರು ಚುರುಕು. ಎತ್ತರದವಳ ಕೈಗೆ ಚೆಂಡು ಹೋದ ಕೂಡಲೇ ಇಬ್ಬರು ಅವಳನ್ನು ಬಿಟ್ಟು ನನ್ನ ಮುಂದೆ ಬಂದು ನಿಲ್ಲುತ್ತಿದ್ದರು. ಚೆಂಡು ತಾನಾಗಿ ಅವರ ಕೈಗೆ ಬಂದು ಬೀಳುತ್ತಿತ್ತು. ಅರ್ಧ ಆಟ ಮುಗಿಯುವಷ್ಟರಲ್ಲಿ ನಾವು ತುಂಬ ಹಿಂದೆ ಬಿದ್ದಿದ್ದೆವು.

ಬಿಡುವಿನಲ್ಲಿ ಸರ್ ಬೈಯಲಿಲ್ಲ. "ನಿಮ್ಮ ಆಯೇರಿ ಅವ್ರಿಗೂ ಗೊತ್ತಾಗ್ಯಾದ. ಛಲೋನೇ ಆಯ್ತು. ಕೊಟ್ಟಾಕಿಗಿ ತಿರುಗಿ ಕೊಡೂ ಹಂಗ ಮಾಡ್ರಿ, ಕೊಡಬ್ಯಾಡ್ರಿ. ಎಲ್ಲಾರೂ ಅತ್ಲಾಗ ಓಡ್ತಾರ. ಈಕಿ ಕಡಿ ಯಾರೂ ನೋಡಂಗಿಲ್ಲ" ಎಂದು ಐದನೆಯವಳನ್ನು ತೋರಿಸಿದರು. ಅವಳು ಬೂಟಿನ ದಾರ ಕಟ್ಟುತ್ತಿದ್ದಳು, ತಲೆ ಎತ್ತಲಿಲ್ಲ.

ಆಟ ಮತ್ತೆ ಶುರುವಾಯಿತು. ನಾನು ಎತ್ತರದವಳಿಗೆ ಕೊಟ್ಟೆ. ಅವಳು ನನ್ನ ಕಡೆ ನೋಡಿದಳು, ಕೈಯನ್ನೂ ನನ್ನ ಕಡೆಗೇ ಚಾಚಿದಳು. ಅಫಜಲಪುರದವರು ನನ್ನ ಮೇಲೆ ಮುಗಿಬಿದ್ದರು. ಚೆಂಡು ಅವರ ತಲೆಯ ಮೇಲಿಂದ ಹಾರಿ ಎಡಗಡೆ ಐದನೆಯವಳ ಕೈ ಸೇರಿತು. ಅವಳ ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಎಸೆದಳು. ರಿಂಗಿಗೆ ಬಡಿದ ಚೆಂಡು ಮತ್ತೆ ಅವಳ ಕೈಗೇ ಬಂತು.

"ಇತ್ತ ಕೊಡಬೇ!" ಎಂದು ಎತ್ತರದವಳು ಕೈ ಚಾಚಿದಳು. ಕೊಟ್ಟವಳು ತಾನಲ್ಲವೇ! ನಾನೂ ಚಾಚಿದೆ, ಅಕ್ಕತಂಗಿಯರೂ ಚಾಚಿದರು. ಅವಳು ನಮ್ಮ ಕೈಗಳನ್ನೆಲ್ಲ ಒಮ್ಮೆ ನೋಡಿದಳು.

"ಕೊಡಂಗಿಲ್ಲ!" ಎಂದು ಕೂಗಿ ಮತ್ತೆ ಎಸೆದಳು. ಈ ಸಲ ಚೆಂಡು ಬಲೆಯೊಳಗಿಂದ ಇಳಿಯಿತು. ನಾನು ಅಲ್ಲೇ ಕುಣಿದುಬಿಟ್ಟೆ.

ಪಂದ್ಯವನ್ನೇನೋ ಸೋತೆವು, ಆದರೆ ಮರ್ಯಾದೆ ಹೋಗುವಷ್ಟಲ್ಲ. ಆಳಂದಕ್ಕೆ ವಾಪಸು ಹೊರಟಾಗ ಜೀಪಿನಲ್ಲಿ, ಐದನೆಯವಳು ತಂಡ ಬಿಡುತ್ತಾಳೋ ಇರುತ್ತಾಳೋ ಎಂದು ಕೇಳಲು ನಮಗೆಲ್ಲ ಹೆದರಿಕೆ. ಊರು ಹತ್ತಿರ ಬಂದಾಗ ಸರ್ ಮುಂದಿನ ಸೀಟಿನಿಂದ ಹಿಂದಕ್ಕೆ ಕೈ ಚಾಚಿ, ಅವಳ ಮಡಿಲಲ್ಲಿದ್ದ ಚೆಂಡನ್ನು ಕೇಳಿದರು. ಕಾಲೇಜಿನ ಚೆಂಡು, ಕಪಾಟಿನಲ್ಲಿಟ್ಟು ಬೀಗ ಹಾಕಬೇಕಿತ್ತು.

ಅವಳು ಎರಡೂ ಕೈಯಿಂದ ಅದನ್ನು ಅವುಚಿಕೊಂಡಳು. "ನನ್ ಕಡಿನೇ ಇರ್ಲಿ ಬಿಡ್ರಿ ಸರ್. ನಾಳಿ ಪ್ರ್ಯಾಕ್ಟೀಸಿಗಿ ನಾನೇ ತರ್ತೇನಿ."