ಯಾರ ಹೆಸರಿನ ಮೇಲೆ ಯಾರ ಹೆಸರು

ಸವಣೂರು ಬಸ್‌ನಿಲ್ದಾಣದ ಹಿಂದಿನ ತಗಡಿನ ಚಪ್ಪರದಲ್ಲಿ ಬೆಳಗಿನ ಆರಕ್ಕೆಲ್ಲ ಉಳಿಯ ಸದ್ದು ಶುರುವಾಗುತ್ತದೆ. ಮೂರಡಿ ಉದ್ದದ ಕರಿಕಲ್ಲಿನ ಮುಂದೆ ಅಲ್ಲಾಭಕ್ಷ ಒಂದು ಮೊಣಕಾಲೂರಿ ಕೂತಿದ್ದಾರೆ. ಮೂಡಲಿನ ಬೆಳಕು ಕಲ್ಲಿನ ಮೇಲೆ ಓರೆಯಾಗಿ ಬಿದ್ದು, ಕೊರೆದ ಅಕ್ಷರದೊಳಗೆ ಎಳೆಯಷ್ಟು ನೆರಳು ನಿಂತಿದೆ. ಆ ನೆರಳು ಎಲ್ಲ ಕಡೆ ಒಂದೇ ಸಮ ಇದೆಯೇ ಎಂದು ಅವರು ಕೆನ್ನೆಯನ್ನು ಕಲ್ಲಿಗೆ ತಾಗಿಸಿ ನೋಡುತ್ತಾರೆ.

“ಸೂರ್ಯಾ ನೆತ್ತಿಗೆ ಬಂದ ಮ್ಯಾಲೆ ಕಲ್ಲು ಸುಳ್ಳು ಹೇಳ್ತೈತ್ರಿ,” ಎನ್ನುತ್ತಾರೆ. “ಎಲ್ಲಿ ಆಳ, ಎಲ್ಲಿ ಮ್ಯಾಲಮ್ಯಾಲೆ, ಒಂದೂ ತಿಳಿಯೂದಿಲ್ಲ. ಮುಂಜಾನಿ ಬೆಳಕಿನ್ಯಾಗ ಅದಕ್ಕ ತಪ್ಪಿಸಿಕೊಳ್ಳಾಕ ಬರೂದಿಲ್ಲ.”

ಅಕ್ಕಿಆಲೂರಿನ ಒಂದು ಗೋದಾಮಿನ ಅಡಿಗಲ್ಲು ಅದು. ಮೂರನೆಯ ಸಾಲು ಮುಗಿಯುವ ಹೊತ್ತಿಗೆ ಹಿರೇಕೆರೂರಿನ ಬಸ್ಸಿನಿಂದಿಳಿದ ಜವಾನನೊಬ್ಬ ಚೀಟಿ ಹಿಡಿದು ಬರುತ್ತಾನೆ.

“ಸಾಹೇಬ್ರ, ಈ ಇಬ್ಬರೊಳಗ ಮ್ಯಾಲೆ ಯಾರು, ಕೆಳಗ ಯಾರು?”

ಚೀಟಿಯಲ್ಲಿರುವುದು ಇಬ್ಬರು ರಾಜ್ಯಸಭಾ ಸದಸ್ಯರ ಹೆಸರು. ಅಲ್ಲಾಭಕ್ಷ ಅದನ್ನು ಕೈಗೆ ತೆಗೆದುಕೊಳ್ಳುವುದಿಲ್ಲ. ಜವಾನನ ಕೈಯಲ್ಲಿದ್ದಂತೆಯೇ ಓದಿ, “ಎರಡನೇದವರು ಮ್ಯಾಲೆ,” ಎನ್ನುತ್ತಾರೆ. “ಅವರು ಎಪ್ಪತ್ತೆಂಟರಾಗ ಪ್ರಮಾಣ ತೊಗೊಂಡಾರ. ಮೊದಲನೇದವರು ಬಂದದ್ದು ಎಂಬತ್ತರಾಗ.”

“ಮೊದಲನೇದವರ ತಲಿ ಪೂರಾ ಬೆಳ್ಳಗ ಐತಲ್ರೀ? ಇವರಿನ್ನೂ ಹುಡುಗರು ಇದ್ದಂಗ ಅದಾರ.”

“ಅಲ್ಲಿ ತಲಿಗೂದಲಾ ಎಣಸೂದಿಲ್ಲೋ ತಮ್ಮಾ. ಬರಕೋ.”

ಜವಾನ ಬರೆದುಕೊಳ್ಳುತ್ತಾನೆ. ಕಲ್ಲು ಯಾವಾಗ ಬೇಕೆಂದು ಕೇಳಿದರೆ ಕಾಲಿನ ಹೆಬ್ಬೆರಳು ನೋಡುತ್ತ, “ಕಲ್ಲು ಹುಬ್ಬಳ್ಳಿಯಾಗ ಮಾಡಸ್ತಾರಂತ್ರಿ, ಬಿಳಿಕಲ್ಲಿನ್ಯಾಗ. ನಿಮ್ಮನ್ನ ಬರೇ ಕೇಳಿಕೊಂಡ ಬಾ ಅಂದಾರ,” ಎನ್ನುತ್ತಾನೆ. ಮರುಬಸ್ಸಿಗೆ ಹೊರಟೂಬಿಡುತ್ತಾನೆ.

ಕೇಳುವುದು ಇವರನ್ನು, ಕೆಲಸ ಕೊಡುವುದು ಇನ್ನೊಬ್ಬರಿಗೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳಲ್ಲಿ ಕುರ್ಚಿ ಸವೆಸುವ ಮಹಾಶಯರು ಎಷ್ಟಿಲ್ಲ! ದಿಲ್ಲಿಯ ಮೇಲ್ಮನೆಯಲ್ಲಿ ಯಾರು ಹಿಂದಿನವರು, ಯಾರು ಮುಂದಿನವರು ಎಂದು ತಿಳಿಯಲು ಅವರೆಲ್ಲ ಮೂರನೇ ಇಯತ್ತೆ ದಾಟದ ಈ ಕಲ್ಲುಕುಟಿಗನ ಹತ್ತಿರ ಜವಾನನನ್ನು ಅಟ್ಟುತ್ತಾರೆ. ಒಂದು ಕಪ್ಪು ಚಹಾ ಕುಡಿಸಿದವರಿಲ್ಲ. ಒಂದು ಕಾಗದದಲ್ಲಿ ಇವರ ಹೆಸರು ಬರೆದವರಿಲ್ಲ.

ಅಲ್ಲಾಭಕ್ಷರಿಗೆ ಈಗ ಐವತ್ತೊಂದು. ಅಪ್ಪನಿಂದ ಬಂದ ಉಳಿ, ಅಪ್ಪನಿಂದ ಬಂದ ಕೆಮ್ಮು. ಅಕ್ಷರಗಳನ್ನು ಸಾಲೆಯಲ್ಲಿ ಅರ್ಧ ಕಲಿತರು, ಉಳಿದರ್ಧ ಕಲ್ಲಿನ ಮೇಲೆ. ಮೊದಲು ಕೆಂಪು ಜಾಜಿನಿಂದ ಗೆರೆ ಎಳೆದು, ಇದ್ದಿಲಿನಿಂದ ಅಕ್ಷರ ಬರೆದು, ಆಮೇಲೆ ಕೊರೆಯುತ್ತಾರೆ. ಕಲ್ಲು ಮೆತ್ತಗಿದ್ದರೆ ದಿನಕ್ಕೆ ಎಪ್ಪತ್ತು ಅಕ್ಷರ, ಗಡುಸಿದ್ದರೆ ನಲವತ್ತು. ಒತ್ತಕ್ಷರ ಬಂದರೆ ಒಂದಕ್ಕೇ ಅರ್ಧ ತಾಸು. ದಿನಕ್ಕೆ ಆರು ಉಳಿ ಮೊಂಡಾಗುತ್ತವೆ. ಸಂಜೆ ಕಮ್ಮಾರನ ಕುಲುಮೆಗೆ ಹೋಗಿ ಮೊನೆ ಹಣಿಸಿಕೊಂಡು ಬರಬೇಕು. ಇಪ್ಪತ್ತೆಂಟು ವರ್ಷಗಳಲ್ಲಿ ಇನ್ನೂರ ಹನ್ನೊಂದು ಅಡಿಗಲ್ಲು ಕೊರೆದಿದ್ದಾರೆ. ಅವುಗಳಲ್ಲಿ ಎಷ್ಟರ ಮೇಲೆ ಕಟ್ಟಡ ಎದ್ದಿದೆ ಎಂದು ಕೇಳಿದರೆ ಉಳಿ ಕೆಳಗಿಟ್ಟು ನಗುತ್ತಾರೆ.

“ಅರ್ಧ ಅಂತ ತಿಳಕೋರಿ. ಉಳಿದ ಅರ್ಧಾ ಹೊಲದಾಗ ನಿಂತಾವ. ಬೆದರಗೊಂಬಿ ಹಂಗ.”

ಚಪ್ಪರದ ಹಲಗೆ ಬಾಗಿಲಿನ ಒಳಮೈಯಲ್ಲಿ ಸುಣ್ಣದ ಕಡ್ಡಿಯಿಂದ ಬರೆದ ಪಟ್ಟಿಯೊಂದಿದೆ. ಮೇಲೆ ಕರ್ನಾಟಕದಿಂದ ರಾಜ್ಯಸಭೆಗೆ ಹೋದ ಹನ್ನೆರಡು ಜನ. ಕೆಳಗೆ ಈ ಕಡೆ ಬರಬಹುದಾದ ಬೇರೆ ಸೀಮೆಯವರು ಹದಿನೆಂಟು. ಪ್ರತಿ ಹೆಸರಿನ ಮುಂದೆ ಪ್ರಮಾಣವಚನ ತೆಗೆದುಕೊಂಡ ದಿನ, ಎಷ್ಟನೆಯ ಸಲ, ನಡುವೆ ಬಿಟ್ಟುಹೋಗಿದ್ದರೆ ಅದಕ್ಕೊಂದು ಅಡ್ಡಗೆರೆ. ಎರಡು ವರ್ಷಕ್ಕೊಮ್ಮೆ ಮೂರನೆಯ ಒಂದು ಪಾಲು ಸದಸ್ಯರ ಅವಧಿ ಮುಗಿದಾಗ ಒದ್ದೆ ಅರಿವೆಯಿಂದ ಕೆಲವು ಹೆಸರು ಒರೆಸುತ್ತಾರೆ, ಹೊಸದಾಗಿ ಬರೆಯುತ್ತಾರೆ. ಬರುವ ಏಪ್ರಿಲ್ಲಿಗೆ, ಅಂದರೆ ಎಂಬತ್ತನಾಲ್ಕಕ್ಕೆ, ಮತ್ತೆ ಆ ಕೆಲಸವಿದೆ.

ಮಂತ್ರಿಯ ಹೆಸರು ಎಲ್ಲಿ, ಶಾಸಕನ ಹೆಸರು ಎಲ್ಲಿ ಎಂಬುದು ಎಲ್ಲರಿಗೂ ಗೊತ್ತು. ಲೋಕಸಭೆಯವರಿಗೆ ಅವರವರ ಕ್ಷೇತ್ರವಿದೆ. ಮೇಲ್ಮನೆಯವರಿಗೆ ಇಡೀ ರಾಜ್ಯವೇ ಹೊಲ, ಎಲ್ಲಿ ಬೇಕಾದರೂ ಬೇಲಿ ಹಾರಿ ಬರುತ್ತಾರೆ. ಹಾಗಾಗಿ ಒಂದೇ ಕಲ್ಲಿಗೆ ಇಬ್ಬರು ಬೀಳುತ್ತಾರೆ. ತೊಡಕು ಅಲ್ಲಿ.

ಈ ಪಟ್ಟಿ ಹವ್ಯಾಸಕ್ಕೆ ಹುಟ್ಟಿದ್ದಲ್ಲ. ಒಂದು ತಪ್ಪಿನಿಂದ ಹುಟ್ಟಿದ್ದು. ಆ ತಪ್ಪಿನ ಮಾತು ತೆಗೆದರೆ ಅಲ್ಲಾಭಕ್ಷರ ಸುತ್ತಿಗೆ ನಿಲ್ಲುತ್ತದೆ.

ಎಪ್ಪತ್ತೇಳರ ಮಾತು. ಬೆಳವಲಕೊಪ್ಪ ಎಂಬ ಊರಿಗೆ ಹೆಣ್ಣುಮಕ್ಕಳ ಹೈಸ್ಕೂಲು ಮಂಜೂರಾಗಿತ್ತು. ಏಳನೇತ್ತ, ಅಂದರೆ ಏಳನೆಯ ತರಗತಿ, ಮುಗಿಸಿದ ಹುಡುಗಿಯರನ್ನು ಮೂರು ಹರದಾರಿ ದೂರದ ಊರಿಗೆ ಕಳಿಸಲು ಯಾವ ತಾಯಿಯೂ ಒಪ್ಪುತ್ತಿರಲಿಲ್ಲ. ಊರವರೇ ಎರಡೆಕರೆ ಜಾಗ ಕೊಟ್ಟು, ತಾವೇ ಬುನಾದಿ ತೋಡಿದ್ದರು. ಅಡಿಗಲ್ಲಿಗೆ ಇಬ್ಬರು ರಾಜ್ಯಸಭಾ ಸದಸ್ಯರು ಬರುವವರಿದ್ದರು. ಅವರ ಹೆಸರು ಇಂದಿಗೂ ಅಲ್ಲಾಭಕ್ಷರ ಬಾಯಲ್ಲಿ ಬರುವುದಿಲ್ಲ. “ಬ್ಯಾಡ್ರಿ. ಅವರು ಅವರ ದಾರಿ ಹಿಡದ್ರು,” ಎನ್ನುತ್ತಾರೆ.

ಕಟ್ಟಡದ ಕಚೇರಿಯಿಂದ ಬಂದ ಚೀಟಿಯಲ್ಲಿ ಎರಡೂ ಹೆಸರು ಒಂದೇ ಸಾಲಿನಲ್ಲಿದ್ದವು. ನಡುವೆ ಒಂದು ಅಲ್ಪವಿರಾಮ. ಮೇಲೆ ಯಾರು ಎಂದು ಕೇಳಲು ಅಲ್ಲಾಭಕ್ಷ ಕಾರಕೂನನ ಹತ್ತಿರ ಹೋದರು. ಕಾರಕೂನ ತಲೆ ಎತ್ತಲಿಲ್ಲ. “ನಿನಗ ತಿಳಿದಂಗ ಮಾಡು ಮಾರಾಯ. ನನ್ನ ತಲಿ ತಿನಬ್ಯಾಡ,” ಎಂದ.

ಅಲ್ಲಾಭಕ್ಷ ತಮಗೆ ತಿಳಿದಂತೆ ಮಾಡಿದರು. ಮದುವೆಯ ಕಾಗದದಲ್ಲಿ ಅಜ್ಜನ ಹೆಸರು ಮೊದಲು, ಊಟದ ಪಂಕ್ತಿಯಲ್ಲಿ ಮುದುಕರು ಮೊದಲು. ಎಪ್ಪತ್ತು ದಾಟಿದವರ ಹೆಸರನ್ನು ಮೇಲೆ ಕೊರೆದು, ನಲವತ್ತೈದರವರನ್ನು ಕೆಳಗಿಟ್ಟರು. ಯಾವ ಊರಿನಲ್ಲಿ ಇದು ತಪ್ಪು?

ತಪ್ಪಾಯಿತು. ನಲವತ್ತೈದರವರು ಎರಡನೆಯ ಸಲ ಆರಿಸಿ ಬಂದವರು. ಎಪ್ಪತ್ತರವರು ಬಂದು ಒಂದು ವರ್ಷವೂ ಆಗಿರಲಿಲ್ಲ. ಕಲ್ಲಿನ ಮೇಲಿನ ಅರಿವೆ ಸರಿಸಿದಾಗ ಕಿರಿಯರು ಎರಡು ಸಲ ಓದಿದರು, ಕಾರು ಹತ್ತಿದರು. ಕಿರಿಯರು ಹಾಗೆ ಹೋದದ್ದು ಕಂಡು, ತಮ್ಮನ್ನು ಅಣಕಿಸಲೆಂದೇ ಕರೆಸಿದಿರಿ ಎಂದು ಹಿರಿಯರೂ ಮುನಿದು ಹೊರಟರು. ಆರತಿ ಹಿಡಿದು ನಿಂತಿದ್ದ ಹತ್ತೊಂಬತ್ತು ಹುಡುಗಿಯರು ನಿಂತಲ್ಲೇ ನಿಂತರು. ನಾಚಿಕೆಗೇಡು ಇದಲ್ಲದೆ ಇನ್ನಾವುದು? ನಾಡಿಗೆ ಕಾಯ್ದೆ ಮಾಡುವವರಿಗೆ ಒಂದು ಗೇಣು ಕಲ್ಲಿನ ಮೇಲೆ ಹೊಂದಿಕೊಂಡು ಇರಲು ಆಗಲಿಲ್ಲ.

“ಕಲ್ಲು ಕೊರಿಯೋ ಸಾಬಂದು ತಪ್ಪು,” ಎಂದು ಕಾರಕೂನ ಎಲ್ಲರ ಮುಂದೆ ಹೇಳಿದ. ಅಲ್ಲಾಭಕ್ಷ ಅಲ್ಲೇ ಇದ್ದರು.

ಮತ್ತೆ ಸಮಾರಂಭ ಮಾಡಲು ಯಾರಿಗೂ ಧೈರ್ಯ ಬರಲಿಲ್ಲ. ಒಬ್ಬರನ್ನು ಕರೆದರೆ ಇನ್ನೊಬ್ಬರಿಗೆ ಸಿಟ್ಟು. ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಿ ಅಲ್ಲೇ ಮಲಗಿತು. ಆ ವರ್ಷದ ಮಳೆಗೆ ಬುನಾದಿಯ ತಗ್ಗಿನಲ್ಲಿ ನೀರು ನಿಂತು ಎಮ್ಮೆಗಳು ಬಿದ್ದುಕೊಂಡವು. ಆರು ವರ್ಷ ಅಲ್ಲೇ ಬಿದ್ದುಕೊಂಡವು.

ಕಲ್ಲನ್ನು ಒಡೆದು ಹಾಕೆಂದು ಕಚೇರಿ ಹೇಳಿತ್ತು. ಅವರು ಗಾಡಿಯಲ್ಲಿ ಮನೆಗೆ ತಂದು ಬೋರಲು ಹಾಕಿದರು. ಹೆಂಡತಿ ಕುಲಸುಮಬಿಗೆ ಅದು ಒಗೆಯುವ ಕಲ್ಲಾಯಿತು. “ದಿನಾ ಇಬ್ಬರು ಮೆಂಬರರ ಬೆನ್ನ ಮ್ಯಾಲೆ ಅರಿವಿ ಬಡೀತೇನ್ರಿ,” ಎಂದು ಆಕೆ ನಗುತ್ತಾಳೆ. “ಇವರಿಗೆ ಅದೂ ಸೇರೂದಿಲ್ಲ. ನಾನು ಒಗಿಯಾಕ ಕುಂತ್ರ ಎದ್ದ ಹೋಗ್ತಾರ.”

ಆ ವಾರವೇ ಅಲ್ಲಾಭಕ್ಷ ವಕೀಲ ಪ್ರಹ್ಲಾದರಾಯರ ಮನೆಗೆ ಹೋಗಿ, ದಿಲ್ಲಿಯಲ್ಲಿ ದೊಡ್ಡವರು ಯಾರೆಂದು ಹೇಗೆ ಎಣಿಸುತ್ತಾರೆ ಎಂದು ಕೇಳಿದರು.

“ಪ್ರಮಾಣ ಯಾವತ್ತು ತೊಗೊಂಡ ಅನ್ನೋದು ನೋಡ್ತಾರೋ,” ಎಂದರು ರಾಯರು.

“ಹಂಗಾರ ಎಪ್ಪತ್ತು ವರ್ಷದ ಮುದುಕರು ಮೊನ್ನೆ ಬಂದಿದ್ರ?”

“ಅಂವಾ ಅಲ್ಲಿ ತೊಟ್ಟಿಲ ಕೂಸು.”

“ನಡುವ ಬಿಟ್ಟು ತಿರುಗಿ ಬಂದವರು?”

“ಅಲ್ಲೇ ಅದ ನೋಡು ನಮ್ಮಂಥಾ ವಕೀಲರ ಅನ್ನ,” ಎಂದು ನಕ್ಕ ರಾಯರು ಅಂದಿನಿಂದ ತಮ್ಮ ಮನೆಯ ಹಳೆಯ ಪತ್ರಿಕೆಗಳನ್ನು ಇವರಿಗೆ ತೆಗೆದಿಡತೊಡಗಿದರು. ಯಲವಿಗಿ ಸ್ಟೇಷನ್ನಿನಿಂದ ಬರುವ ಪತ್ರಿಕೆ ಒಂದು ದಿನ ಹಳತಾಗಿ ಅಲ್ಲಾಭಕ್ಷರ ಕೈ ಸೇರುತ್ತದೆ. ಅವರು ಸಿನಿಮಾ ಓದುವುದಿಲ್ಲ, ಪೇಟೆ ದರ ಓದುವುದಿಲ್ಲ. ಯಾರು ಪ್ರಮಾಣ ತೆಗೆದುಕೊಂಡರು, ಯಾರು ತೀರಿದರು, ಯಾರು ರಾಜೀನಾಮೆ ಕೊಟ್ಟರು, ಅಷ್ಟೇ. ಇವರ ಪಟ್ಟಿ ನಂಬಿ ಹೋದ ಯಾವ ಸಮಾರಂಭದಲ್ಲೂ ಆಮೇಲೆ ಜಗಳವಾಗಿಲ್ಲ.

ಆದರೂ ಅಲ್ಲಾಭಕ್ಷರನ್ನು ಸುಡುವುದು ಕಾರಕೂನನ ಮಾತಲ್ಲ. ಅದನ್ನು ಅವರೇ ಹೇಳುತ್ತಾರೆ: “ಅಕ್ಷರ ಒಂದು ಬೆರಳ ಸಣ್ಣ ಮಾಡಿದ್ರ ಇಬ್ಬರೂ ಒಂದ ಸಾಲಿನ್ಯಾಗ ಕುಂದರ್ತಿದ್ರು. ಚೀಟ್ಯಾಗ ಹಂಗ ಇತ್ತಲ್ರಿ. ನನಗ ದೊಡ್ಡ ಅಕ್ಷರದ ಹುಚ್ಚು. ರಸ್ತಾದಾಗ ಬಸ್ಸಿನ್ಯಾಗ ಹೋಗೋರು ಓದಬೇಕು, ಅಲ್ಲಾಭಕ್ಷನ ಕೈ ಅನ್ನಬೇಕು. ಅದಕ್ಕ ಮ್ಯಾಲೊಂದು ಕೆಳಗೊಂದು ಹಾಕಿದೆ.”

ಒಂದೇ ಸಾಲಿನಲ್ಲಿ ಹಾಕಿದ್ದರೆ ಎಡಕ್ಕೆ ಯಾರು, ಬಲಕ್ಕೆ ಯಾರು ಎಂದು ಕಚ್ಚಾಡುತ್ತಿದ್ದರು ಎಂದು ರಾಯರು ಎಷ್ಟೋ ಸಲ ಸಮಾಧಾನ ಹೇಳಿದ್ದಾರೆ. ಅಲ್ಲಾಭಕ್ಷರಿಗೆ ಅದು ಒಳಗೆ ಇಳಿದಿಲ್ಲ.

ಈ ಚಳಿಗಾಲ ಬೆಳವಲಕೊಪ್ಪದ ಹೈಸ್ಕೂಲು ಮತ್ತೆ ಮಂಜೂರಾಗಿದೆ. ಹೋದ ತಿಂಗಳು ಊರಿನ ಪಂಚ ಉಡಚಪ್ಪ ಹೊಸ ಕಲ್ಲು ಮಾಡಿಸಲು ನೇರವಾಗಿ ಇವರ ಚಪ್ಪರಕ್ಕೇ ಬಂದ. ಈ ಸಲವೂ ಕಲ್ಲಿಗೆ ಮೇಲ್ಮನೆಯವರು ಇಬ್ಬರು. ಅಲ್ಲಾಭಕ್ಷ ಒಲ್ಲೆ ಎಂದರು.

“ಮೊದಲ ಗ್ವಾಡಿ ಏಳಲಿ ಉಡಚಪ್ಪ. ಮಾಳಿಗಿ ಬೀಳಲಿ. ಆಮ್ಯಾಲೆ ಪುಕ್ಕಟ ಕೊರದ ಕೊಡ್ತೇನಿ. ಈಗ ಬ್ಯಾಡ.”

“ಕಲ್ಲಿಲ್ಲಂದ್ರ ದೊಡ್ಡವರು ಬರೂದಿಲ್ಲ, ಅವರು ಬರಲಿಲ್ಲಂದ್ರ ಗ್ವಾಡಿ ಏಳೂದಿಲ್ಲ. ಇದು ನನಗಿಂತ ನಿನಗ ಚಲೋ ಗೊತ್ತು.”

“ನನ್ನ ಕೈ ಚಲೋ ಅಲ್ಲಪಾ ಆ ಊರಿಗೆ. ಬ್ಯಾರೆ ಯಾರನ್ನರ ನೋಡು.”

ಉಡಚಪ್ಪ ರುಮಾಲು ಕೊಡವಿ ಎದ್ದು ನಿಂತ. “ಆರತಿ ಹಿಡದು ನಿಂತವರಾಗ ನಮ್ಮ ದೊಡ್ಡ ಮಗಳು ಶೇಖವ್ವ ಮುಂದ ಇದ್ಲು. ಆಕೀಗೆ ಈಗ ಎರಡು ಮಕ್ಕಳು. ಆಕಿ ಓದು ಹೋತು, ಅದನ್ನ ನೀನೂ ತರೂದಿಲ್ಲ, ನಾನೂ ತರೂದಿಲ್ಲ. ಸಣ್ಣಾಕಿ ಈ ವರ್ಷ ಏಳನೇತ್ತ ಮುಗಸ್ತಾಳ. ನಿನ್ನ ಸಂಕಟಾ ನೀ ಹಿಡಕೊಂಡ ಕುಂತ್ರ ಈಕೀನೂ ಒಲಿ ಮುಂದ ಕುಂದರ್ತಾಳ. ಹೇಳು, ಕುಂದರಸ್ಲೇನು?”

ಅಲ್ಲಾಭಕ್ಷ ಎದ್ದು ಹೋಗಿ ಬಾಗಿಲಿನ ಪಟ್ಟಿಯ ಮುಂದೆ ನಿಂತರು. ಉಡಚಪ್ಪ ತಂದ ಚೀಟಿಯ ಎರಡೂ ಹೆಸರನ್ನು ಹುಡುಕಿ ತಾರೀಖು ನೋಡಿದರು. ರಾಯರ ಮನೆಗೆ ಹೋಗಿ ಹಳೆಯ ಪತ್ರಿಕೆ ತೆಗೆಸಿ ಮತ್ತೊಮ್ಮೆ ನೋಡಿದರು. ಮರುದಿನ ಬೆಳಕು ಹರಿಯುತ್ತಲೇ ಕಲ್ಲಿಗೆ ಜಾಜಿನ ಗೆರೆ ಎಳೆದರು.

ನಾಲ್ಕು ದಿನದ ಕೆಲಸ ಆರು ದಿನ ಹಿಡಿಯಿತು. ಅಕ್ಷರ ಈ ಸಲ ಸಣ್ಣವು, ಎರಡೂ ಹೆಸರು ಒಂದೇ ಸಾಲಿನಲ್ಲಿ. ಹೋದ ಗುರುವಾರ ಬೆಳವಲಕೊಪ್ಪದ ನೆಲದಲ್ಲಿ ಕಲ್ಲು ಕೂತಿತು. ಇಬ್ಬರೂ ಸದಸ್ಯರು ಬಂದರು, ಓದಿದರು, ಏನೂ ಅನ್ನಲಿಲ್ಲ, ಹಾರ ಹಾಕಿಸಿಕೊಂಡು ಹೋದರು. ವೇದಿಕೆಯಲ್ಲಿ ಗುತ್ತಿಗೆದಾರನಿಗೂ ಶಾಲು ಬಿತ್ತು. ಅಲ್ಲಾಭಕ್ಷ ಹೋಗಿರಲಿಲ್ಲ, ಅವರನ್ನು ಯಾರೂ ಕರೆದಿರಲಿಲ್ಲ. ಎಮ್ಮೆಗಳನ್ನು ಎಬ್ಬಿಸಿ ನೀರು ಬಳಿದು ಬುನಾದಿ ತುಂಬುತ್ತಿದ್ದಾರೆ ಎಂದು ಉಡಚಪ್ಪನೇ ಬಂದು ಹೇಳಿಹೋದ. ಜೂನಿಗೆ ಎಂಟನೇತ್ತ ಶುರುವಾಗುತ್ತದಂತೆ, ಕಟ್ಟಡ ಆದರೆ.

“ಆ ಹತ್ತೊಂಬತ್ತು ಮಂದಿಗೆ ಏನು ಹೇಳ್ಲಿ ನಾನು?” ಎನ್ನುತ್ತಾರೆ ಅಲ್ಲಾಭಕ್ಷ. ಕಲ್ಲಿನ ಪುಡಿಯನ್ನು ಅಂಗೈಯಿಂದ ಒರೆಸುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ಸಂಕೋಚದಿಂದ ಆಚೀಚೆ ನೋಡುತ್ತಾರೆ.

“ಒಂದು ಐತ್ರಿ. ಆ ಸಾಲ್ಯಾಗ ಮೊದಲನೇ ಸಲ ಹತ್ತನೇತ್ತ ಪಾಸಾಗೋ ಹುಡುಗಿ ಯಾರರ ಇರಲಿ, ಆಕಿ ಹೆಸರ ಕೊರದು ಗ್ವಾಡಿಗೆ ಹಚ್ಚಬೇಕಂತ. ದೊಡ್ಡ ಅಕ್ಷರದಾಗ. ಒಂದ ಹೆಸರು. ಮ್ಯಾಲೆ ಯಾರೂ ಇಲ್ಲ, ಕೆಳಗ ಯಾರೂ ಇಲ್ಲ.”