ಹೆಸರು ಬೇಡ, ಕಾಲಿನ ವಿಷಯ ಹೇಳು

ಲಾಳದ ತಾತನ ಬಾಯಲ್ಲಿ ಯಾವಾಗಲೂ ನಾಲ್ಕೈದು ಮೊಳೆಗಳಿರುತ್ತಿದ್ದವು. ತುಟಿಯ ಬಲ ಮೂಲೆಯಲ್ಲಿ ಮೊಳೆ ಕಚ್ಚಿಕೊಂಡು ಎಡ ಮೂಲೆಯಿಂದ ಮಾತಾಡುವುದು ಅವರ ಅಭ್ಯಾಸ. ಕೆಲಸ ಮುಗಿದು ಬಾಯಿ ಖಾಲಿಯಾದ ಮೇಲೂ ಮಾತು ಎಡಗಡೆಯಿಂದಲೇ ಬರುತ್ತಿತ್ತು. ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಒಂದು ಎತ್ತು ಒದ್ದಾಗ ಸುತ್ತಿಗೆ ಜಾರಿ ಹೋಯಿತಂತೆ. ಅದು ಯಾರ ಮನೆಯ ಎತ್ತು, ಒದ್ದದ್ದು ಯಾವ ಕಾಲಿನಿಂದ ಅನ್ನುವುದನ್ನು ಅವರು ಸಾಯುವವರೆಗೂ ಮರೆಯಲಿಲ್ಲ.

ಅವರ ಮನೆ ಪಾಂಡವಪುರದಲ್ಲಿ. ಸೋಮವಾರ ನಮ್ಮ ಅರಕೆರೆಗೆ, ಬುಧವಾರ ಪಾಲಹಳ್ಳಿಗೆ, ತಿಂಗಳಿಗೊಂದು ಸಲ ಹೊಣಕೆರೆ ಕಡೆಗೆ ಹಳೇ ಮೊಪೆಡ್ಡಿನಲ್ಲಿ ಬರುತ್ತಿದ್ದರು. ಹಿಂದೆ ಹಗ್ಗದ ಸುರುಳಿ, ಮುಂದೆ ಸಾಮಾನಿನ ಗೋಣಿಚೀಲ. ನಾಲೆ ಸೇತುವೆ ಪಕ್ಕದ ಹೊಂಗೆ ಮರದ ಬುಡಕ್ಕೇ ಗಾಡಿ ತಂದು ನಿಲ್ಲಿಸಿ, ಅಲ್ಲೇ ಇಳಿದು ಕೂತುಬಿಡುವರು. ಎತ್ತನ್ನು ಕೆಡವಿ ಕಾಲು ಕಟ್ಟುವುದು ರೈತರ ಕೆಲಸ. ಇವರು ಕೂತಲ್ಲೇ ಗೊರಸು ಹೆರೆದು, ಒಂದು ಕಾಲಿಗೆ ಎರಡರಂತೆ ಎಂಟು ಲಾಳ ಹೊಡೆದು ಎಬ್ಬಿಸುತ್ತಿದ್ದರು. ಲಾಳ ಪೂರಾ ಸವೆದ ಮೇಲೆ ಎತ್ತು ಹೊಡೆದುಕೊಂಡು ಬಂದವರಿಗೆ ಮೊದಲು ಬೈಗುಳ. "ಲೇ, ನಿನ್ ಚಪ್ಲಿನ ಆರ್ ತಿಂಗ್ಳಿಗ್ ಬದ್ಲಾಯಿಸ್ತೀಯ, ಅದುಕ್ ಬ್ಯಾಡ್ವೇನ್ಲಾ?" ಎಂದು ರೇಗುವರು. ಬೈಸಿಕೊಂಡವರು ನಗುತ್ತ ಹಗ್ಗ ಬಿಚ್ಚುತ್ತಿದ್ದರು.

ನಾನು ಪಿಯುಸಿಗೆ ಸೇರುವ ಹೊತ್ತಿಗೆ ಊರ ತುಂಬ ಟ್ರಾಕ್ಟರು ಬಂದು, ಎತ್ತಿನ ಜೋಡಿಗಳನ್ನು ಬೆರಳಲ್ಲಿ ಎಣಿಸಬಹುದಾಗಿತ್ತು. ತಾತನಿಗೆ ಸೋಮವಾರ ಅರ್ಧ ದಿನ ಕೆಲಸ, ಇನ್ನರ್ಧ ದಿನ ಬಿಡುವು. ಆ ಬಿಡುವಿನಲ್ಲೇ ಅವರು ನನಗೆ ಸಿಕ್ಕಿದ್ದು. ಕಾಲೇಜು ತಂಡದ ಓಟಗಾರ್ತಿ ನಾನು, ನಾಲೆ ಏರಿಯ ಮೇಲೆ ಅಭ್ಯಾಸ ಮುಗಿಸಿ ಮನೆಗೆ ಹೊರಟಿದ್ದೆ. ಇಡ್ಲಿ ಕಟ್ಟಿದ್ದ ಪೇಪರಿನ ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡು ನನ್ನನ್ನು ಕರೆದರು. ಅದರಲ್ಲಿ ಎತ್ತರ ಜಿಗಿತದ ಹೆಣ್ಣುಮಗಳೊಬ್ಬಳ ಚಿತ್ರವಿತ್ತು.

"ಬಾ ಮಗ ಇಲ್ಲಿ. ಈವಮ್ಮ ಕಂಬಿಗ್ ಬೆನ್ ಕೊಟ್ಕಂಡು ಆರ್ತಾವ್ಳಲ್ಲ, ಕೆಳೀಕ್ ಬೀಳದು ಯಾವ್ ಕಾಲ್ ಮ್ಯಾಲೆ?"

ಕಾಲಿನ ಮೇಲಲ್ಲ, ಬೆನ್ನಿನ ಮೇಲೆ, ಮೆತ್ತನೆಯ ಹಾಸಿನ ಮೇಲೆ ಬೀಳುತ್ತಾಳೆ ಎಂದೆ. ತಾತ, ಹಾಗಾದರೆ ಆ ಕಾಲು ಬದುಕಿತು ಬಿಡು ಎಂದು ನಿಟ್ಟುಸಿರು ಬಿಟ್ಟರು. ನಾನು ಜಾಣತನ ತೋರಿಸಲು ಚಿತ್ರದ ಕೆಳಗಿದ್ದ ಹೆಸರು, ದೇಶ ಎರಡನ್ನೂ ಓದಿ ಹೇಳಿದೆ. ಅದು ಅವರಿಗೆ ಬೇಕಿರಲಿಲ್ಲ. "ಎಸ್ರು ಬ್ಯಾಡ ಮಗ, ಕಾಲಿನ್ ಇಷ್ಯ ಹೇಳು" ಎಂದರು.

ಅಲ್ಲಿಂದ ಪ್ರತಿ ಸೋಮವಾರ ಇದೇ ನಡೆಯಿತು. ಅಣ್ಣನ ಮೊಬೈಲಿನಲ್ಲಿ ನಾನು ವಿಡಿಯೊ ಹುಡುಕುವುದು, ತಾತ ಕೂತಲ್ಲೇ ಕತ್ತು ಚಾಚಿ ನೋಡುವುದು. ಕೆನ್ಯಾದ ಓಟಗಾರರ ಮೀನಖಂಡ ಕಂಡು, ಇಷ್ಟು ಸಣ್ಣ ಕಾಲಿನಲ್ಲಿ ಇಷ್ಟು ದೂರ ಹೇಗೆ ಎಂದು ಎರಡು ವಾರ ಅದನ್ನೇ ಕೇಳಿದರು. ಜಪಾನಿನ ಸುಮೋ ಪೈಲ್ವಾನರು ಕಾಲೆತ್ತಿ ನೆಲಕ್ಕೆ ಬಡಿಯುವುದು ಬಹಳ ಹಿಡಿಸಿತು. ನೆಲವನ್ನು ಮಾತಾಡಿಸಿ ಕುಸ್ತಿಗೆ ಇಳಿಯುವವರು ಎಂದು ಹೊಗಳಿದರು. ಮಂಜುಗಡ್ಡೆಯ ಮೇಲೆ ತಿರುಗುವ ರಷ್ಯಾದ ಹುಡುಗಿಯ ಬೂಟಿನ ಕೆಳಗಿದ್ದ ಕತ್ತಿಯಂಥ ತಗಡನ್ನು ನೋಡಿ, ಸಾಣೆ ಯಾರು ಹಿಡಿಯುತ್ತಾರೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೆ ಬಿಡುತ್ತಿರಲಿಲ್ಲ, ಮುಂದಿನ ವಾರ ಬರುವಾಗ ತಿಳಿದುಕೊಂಡು ಬಾ ಎನ್ನುತ್ತಿದ್ದರು. ಕಾಲೇಜಿನ ಪಾಠಕ್ಕೆ ನಾನು ಅಷ್ಟು ತಯಾರಿ ಮಾಡಿದ್ದಿಲ್ಲ. ಈಜುಗಾರರ ಬಗ್ಗೆ ಮಾತ್ರ ಅವರಿಗೆ ತಾತ್ಸಾರವಿತ್ತು, ನೀರಿನಲ್ಲಿ ಕಾಲಿಗೇನು ಕೆಲಸ ಎಂದು. ಆಸ್ಟ್ರೇಲಿಯಾದ ಈಜುಗಾರ್ತಿಯೊಬ್ಬಳನ್ನು ನೀರಿನೊಳಗಿಂದ ತೆಗೆದ ವಿಡಿಯೊ ತೋರಿಸಿದ ಮೇಲೆ ಆ ಮಾತನ್ನು ವಾಪಸ್ ತೆಗೆದುಕೊಂಡರು.

ಒಂದು ಸಲ ಎರಡೂ ಕಾಲಿಲ್ಲದ ಓಟಗಾರನೊಬ್ಬನ ವಿಡಿಯೊ ಸಿಕ್ಕಿತು. ಮೊಣಕಾಲಿನ ಕೆಳಗೆ ಬಾಗಿದ ಪಟ್ಟಿಗಳನ್ನು ಕಟ್ಟಿಕೊಂಡು ಆತ ಹಾರುವಂತೆ ಓಡುತ್ತಿದ್ದ. ತಾತ ಅದನ್ನು ನಾಲ್ಕು ಸಲ ಹಾಕಿಸಿ ನೋಡಿದರು. ಪಟ್ಟಿಯ ತಳ ಕಾಣುತ್ತದೇನೋ ಎಂದು ಮೊಬೈಲನ್ನೇ ತಲೆಕೆಳಗು ಹಿಡಿದರು. ಕೊನೆಗೆ ಕೇಳಿದ್ದು ಓಟಗಾರನ ವಿಷಯವನ್ನಲ್ಲ. "ಇದ್ನ ಮಾಡ್ದೋನ್ ಯಾರು ಮಗ? ಅವ್ನ್ ಕೈ ನೋಡ್ಬೇಕಲ್ಲ" ಎಂದರು.

ಹಳೆಯ ಕಾಲದವರೂ ಅವರಿಗೆ ಬೇಕು. ಪುರಾತನ ಗ್ರೀಸಿನಲ್ಲಿ ಬರಿಗಾಲಲ್ಲೇ ಓಡುತ್ತಿದ್ದರು ಎಂದಾಗ, ಅಲ್ಲಿ ನೆಲ ಚೆನ್ನಾಗಿದ್ದಿರಬೇಕು ಎಂದು ತೀರ್ಮಾನಿಸಿದರು. ನೂರು ವರ್ಷದ ಹಿಂದೆ ಇಂಗ್ಲೆಂಡಿನವರು ಚರ್ಮದ ಬೂಟಿಗೆ ಮೊಳೆ ಹೊಡೆಸಿಕೊಂಡು ಓಡುತ್ತಿದ್ದ ಕಪ್ಪುಬಿಳುಪು ಚಿತ್ರ ತೋರಿಸಿದ ದಿನವಂತೂ ಅವರ ಖುಷಿ ನೋಡಬೇಕಿತ್ತು. ಮೊಳೆ ಎಷ್ಟು, ತಲೆ ದಪ್ಪವೋ ಸಣ್ಣದೋ ಎಂದೆಲ್ಲ ಕೇಳಿ, ಆ ಬೂಟು ಹೊಲಿದವರು ನಮ್ಮ ಕಡೆಯವರೇ ಅನ್ನುವಷ್ಟು ಸಲಿಗೆಯಿಂದ ಮಾತಾಡಿದರು.

ಎರಡನೇ ಪಿಯುಸಿಯಲ್ಲಿ ನನ್ನ ಎಡ ಮೊಣಕಾಲಿನ ಕೆಳಗಿನ ಮೂಳೆ ನೋಯಲು ಶುರುವಾಯಿತು. ಮಂಡ್ಯದಲ್ಲಿ ಜಿಲ್ಲಾ ಮಟ್ಟದ ಕೂಟಕ್ಕೆ ಐದು ವಾರವಿತ್ತು. ಸಾವಿರದ ಐನೂರು ಮೀಟರಿನಲ್ಲಿ ಮೊದಲ ಇಬ್ಬರು ರಾಜ್ಯ ಮಟ್ಟಕ್ಕೆ ಹೋಗುತ್ತಾರೆ. ರಾಜ್ಯ ಮಟ್ಟದಲ್ಲಿ ಓಡಿದ ಸರ್ಟಿಫಿಕೇಟಿದ್ದರೆ ಕ್ರೀಡಾ ಕೋಟಾದಲ್ಲಿ ಮುಂದಿನ ಓದಿಗೆ ಸೀಟು. ಇಲ್ಲದಿದ್ದರೆ ಓದು ಅಲ್ಲಿಗೇ ನಿಲ್ಲುತ್ತಿತ್ತು, ಮನೆಯಲ್ಲಿ ಗಂಡು ನೋಡುವ ಮಾತು ಆಗಲೇ ಎದ್ದಿತ್ತು. ನೋವು ಅಂದರೆ ಅಪ್ಪ ಓಟ ಬಿಡಿಸುತ್ತಾರೆ, ಡ್ರಿಲ್ ಮೇಷ್ಟ್ರು ತಂಡದಿಂದ ಕೈಬಿಡುತ್ತಾರೆ. ಹಾಗಾಗಿ ಯಾರಿಗೂ ಹೇಳದೆ ಹಲ್ಲು ಕಚ್ಚಿ ಓಡುತ್ತಿದ್ದೆ.

ಸೋಮವಾರ ಸೇತುವೆ ಇಳಿದು ಹತ್ತು ಹೆಜ್ಜೆ ಬಂದಿದ್ದೆನೋ ಇಲ್ಲವೋ, ತಾತ ತಲೆ ಎತ್ತಿದರು. "ನಿನ್ ಎಡಗಾಲು ಸುಳ್ ಹೇಳ್ತಾ ಅದೆ ಕಣ್ ಮಗ" ಎಂದರು. ಏನಿಲ್ಲ ಎಂದೆ. ಬೂಟು ಕೊಡು ಎಂದರು. ಕಾಲೇಜಿನಲ್ಲಿ ಹುಡುಗಿಯರಿಗೆಂದು ಇದ್ದದ್ದು ಒಂದೇ ಜೊತೆ ಸ್ಪೈಕ್ ಶೂ. ಜಿಲ್ಲಾ ಕೂಟಕ್ಕೆಂದು ಮೇಷ್ಟ್ರು ಅದನ್ನು ನನಗೆ ನಂಬಿ ಕೊಟ್ಟಿದ್ದರು. ಚೀಲದಿಂದ ತೆಗೆದು ಕೊಟ್ಟೆ. ತಾತ ಎಡಗಾಲಿನದನ್ನು ಮಗುಚಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರು. ಹಿಮ್ಮಡಿಯ ಹೊರ ಅಂಚು ಸವೆದು ಓರೆಯಾಗಿತ್ತು. ನಾನು ನೋಡುತ್ತಿದ್ದ ಹಾಗೇ ಗೊರಸು ಹೆರೆಯುವ ಕತ್ತಿ ತೆಗೆದು, ಸವೆಯದೆ ಉಳಿದಿದ್ದ ಒಳ ಅಂಚನ್ನು ಎರಡೇ ಏಟಿಗೆ ಹೆರೆದು ಮಟ್ಟ ಮಾಡಿಬಿಟ್ಟರು.

ಓರೆಯಾದ ಗೊರಸಿಗೆ ಅವರು ಐವತ್ತು ವರ್ಷದಿಂದ ಮಾಡುತ್ತಿದ್ದದ್ದೇ ಅದು. ನಾನು ಕಿರುಚಿದೆ. ತಾತ, ಗಾಬರಿಯಾದ ರೈತರಿಗೆ ಹೇಳುವಂತೆ, "ಬೆಳೀತದೆ ಬುಡು, ತಿಂಗ್ಳೊಳ್ಗೆ ಬೆಳೀತದೆ" ಎಂದರು. ಹೇಳಿದ ಮೇಲೆ ಕೈಯಲ್ಲಿದ್ದ ಬೂಟನ್ನು ಮತ್ತೊಮ್ಮೆ ನೋಡಿದರು. ಅದು ಗೊರಸಲ್ಲ ಎಂದು ಆಗ ಹೊಳೆದು ಕತ್ತಿ ಕೆಳಗಿಟ್ಟರು. ನಾನು ಅಳುತ್ತ ಬೂಟು ಕಿತ್ತುಕೊಂಡೆ. ಹಿರಿಯರೆಂದೂ ನೋಡದೆ ಏನೇನೋ ಅಂದು ಮನೆಗೆ ಹೋದೆ.

ಮರುದಿನ ಮಂಗಳವಾರ, ಅವರು ಎಲ್ಲಿಗೂ ಹೋಗದ ದಿನ. ನಮ್ಮ ಕಾಲೇಜಿದ್ದ ಶ್ರೀರಂಗಪಟ್ಟಣದ ಮೈದಾನದಲ್ಲಿ ನಾವು ಓಡುತ್ತಿದ್ದಾಗ ಮೊಪೆಡ್ ಸುಣ್ಣದ ಗೆರೆಯವರೆಗೂ ಬಂತು. ಗಾಡಿ ಒಳಗೆ ತರಬೇಡಿ ಎಂದು ಮೇಷ್ಟ್ರು ಗದರಿದರು. ತಾತ ಗಾಡಿ ಮೇಲೆ ಕೂತೇ ಕೈಮುಗಿದು, ಬೂಟು ಕೆಡಿಸಿದವನು ನಾನು, ಮಗುವನ್ನು ಬಯ್ಯಬೇಡಿ ಎಂದರು. ನಾನು ಬೂಟಿನ ವಿಷಯವನ್ನು ಮೇಷ್ಟ್ರಿಗೆ ಇನ್ನೂ ಹೇಳಿರಲೇ ಇಲ್ಲ. ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೂಟಿನ ಜೊತೆ ಕಾಲು ನೋವಿನ ಗುಟ್ಟೂ ಹೊರಗೆ ಬಿತ್ತು. ಮೇಷ್ಟ್ರು ಸಿಟ್ಟಿನಿಂದ ನನ್ನನ್ನು ಪಕ್ಕಕ್ಕೆ ಕೂರಿಸಿದರು. ನನ್ನ ಪಾಲಿಗೆ ಎಲ್ಲ ಮುಗಿದಿತ್ತು.

ತಾತ ಮಾತ್ರ ಹೊರಡಲಿಲ್ಲ. ಉಳಿದವರು ಓಡುವುದನ್ನು ಅರ್ಧ ಗಂಟೆ ನೋಡಿ, ಇವರೆಲ್ಲ ಎಡಕ್ಕೇ ಏಕೆ ಸುತ್ತುತ್ತಾರೆ ಎಂದು ಮೇಷ್ಟ್ರನ್ನು ಕೇಳಿದರು. ಪ್ರಪಂಚದಲ್ಲೆಲ್ಲ ಹಾಗೇ, ಅದು ರೂಲು ಎಂದರು ಮೇಷ್ಟ್ರು.

"ಪಂದ್ಯದ್ ದಿನುಕ್ ರೂಲು ಸರಿ ಸಾಮಿ. ದಿನಾಲೂ ಯಾಕೆ?" ಎಂದರು ತಾತ. "ನಮ್ಮಪ್ಪನ್ ಕಾಲ್ದಲ್ಲಿ ಕಬ್ಬಿನ್ ಗಾಣುಕ್ಕೆ ಎತ್ ಕಟ್ಟೋರು. ಒಂದೇ ಕಡೀಕ್ ಸುತ್ತಿ ಸುತ್ತಿ ಒಳಗಾಲು ಓಗ್ಬುಡದು. ತಿಳ್ದೋರು ದಿನ ಬಿಟ್ ದಿನ ಅದೇ ಎತ್ನ ಗಾಡಿಗ್ ಕಟ್ಟಿ ನೆಟ್ಟುಗ್ ನಡುಸೋರು. ಈ ಮಗೀನ್ ಕಾಲ್ ಕೆಟ್ಟಿಲ್ಲ, ಸುತ್ ಕೆಟ್ಟದೆ."

ಮೇಷ್ಟ್ರು ಬಂದು ನನ್ನ ಎಡಗಾಲು ಒತ್ತಿ ನೋಡಿದರು. ವೈದ್ಯರಿಗೆ ತೋರಿಸಿದೆವು, ಮೂಳೆ ಬಿರುಕು ಬಿಟ್ಟಿರಲಿಲ್ಲ. ಹತ್ತು ದಿನ ಪೂರ್ತಿ ವಿಶ್ರಾಂತಿ. ಆಮೇಲೆ ಒಂದು ದಿನ ನಾಲೆ ಏರಿಯ ಮೇಲೆ ನೇರ ಓಟ, ಒಂದು ದಿನ ಮೈದಾನದಲ್ಲಿ ಬಲಕ್ಕೆ ಸುತ್ತು. ಎದುರಿಗೆ ಬರುವ ಹುಡುಗಿಯರೆಲ್ಲ ನನ್ನನ್ನು ನೋಡಿ ನಗುತ್ತಿದ್ದರು. ತಾತ ಬೂಟು ತೆಗೆದುಕೊಂಡು ಹೋಗಿ, ಪಾಂಡವಪುರದ ಚಪ್ಪಲಿ ಹೊಲಿಯುವವರ ಪಕ್ಕದಲ್ಲೇ ಕೂತು, ಟೈರಿನ ತುಂಡು ಅಂಟಿಸಿ ಹಿಮ್ಮಡಿ ಸರಿಮಾಡಿಸಿ ತಂದುಕೊಟ್ಟರು.

ಆ ತೇಪೆ ಬೂಟಿನಲ್ಲೇ ಮಂಡ್ಯದಲ್ಲಿ ಓಡಿ ಎರಡನೆಯವಳಾದೆ. ರಾಜ್ಯ ಮಟ್ಟದಲ್ಲಿ ಒಂಬತ್ತನೆಯವಳು, ಆದರೆ ಸೀಟಿಗೆ ಅಷ್ಟು ಸಾಕಾಯಿತು. ಮಂಡ್ಯದ ಓಟದ ವಿಡಿಯೊ ತೋರಿಸಿದಾಗ ತಾತ ನನ್ನ ಮುಖವನ್ನೂ ನೋಡಲಿಲ್ಲ, ಯಾರು ಗೆದ್ದರು ಎಂದೂ ಕೇಳಲಿಲ್ಲ. ಎಡಗಾಲು ನೆಲ ಮುಟ್ಟುವುದನ್ನು ನೋಡಿ, ಈಗ ನಿಜ ಹೇಳುತ್ತಿದೆ ಎಂದರು.

ಈಗ ನಾನು ನಾಗಮಂಗಲ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಕಿ. ಮಕ್ಕಳು ಓಡುವುದನ್ನು, ನಡೆಯುವುದನ್ನು ನೋಡಿ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ರಜೆಯಲ್ಲಿ ಪಾಂಡವಪುರಕ್ಕೆ ಹೋಗಿ ತಾತನನ್ನು ಕಂಡು ಬರುತ್ತಿದ್ದೆ. ಲಾಳದ ಕೆಲಸ ನಿಂತುಹೋಗಿತ್ತು. ಜಗಲಿಯ ಮೇಲೆ ಕೂತು ನನ್ನ ಮೊಬೈಲಿನಲ್ಲಿ ಯಾವ ಯಾವುದೋ ದೇಶದವರ ಕಾಲು ನೋಡಿ ಎಂದಿನಂತೆ ಪ್ರಶ್ನೆ ಕೇಳುತ್ತಿದ್ದರು.

ಹೋದ ವರ್ಷ ಮಾಘದಲ್ಲಿ ತೀರಿಕೊಂಡರು. ನಾನು ಹೋದಾಗ ನಡುಮನೆಯಲ್ಲಿ ಮಲಗಿಸಿದ್ದರು. ಅವರ ಮಗ ಕಾಲಿನ ಎರಡೂ ಹೆಬ್ಬೆರಳು ಸೇರಿಸಿ ದಾರ ಕಟ್ಟಲು ಒದ್ದಾಡುತ್ತಿದ್ದರು. ಹೆಬ್ಬೆರಳುಗಳು ಕೂಡುತ್ತಿರಲಿಲ್ಲ. ಬಲಗಾಲು ಎಡಗಾಲಿಗಿಂತ ಮೂರು ಬೆರಳಿನಷ್ಟು ಗಿಡ್ಡವಿತ್ತು. ಸೊಂಟದಿಂದಲೇ ಹೊರಕ್ಕೆ ತಿರುಚಿಕೊಂಡಿತ್ತು. ಇದು ಯಾವಾಗಿನಿಂದ ಎಂದು ಅವರ ಸೊಸೆಯನ್ನು ಕೇಳಿದೆ.

"ನಾನ್ ಈ ಮನೇಗ್ ಬರಾಕ್ ಮುಂಚ್ಲಿಂದ್ಲೂ ಅಂಗೇಯ ಮಿಸ್ಸು. ಲಾಳ ಒಡೀವಾಗ ಓರಿ ಮ್ಯಾಲ್ ಬಿದ್ದಿತ್ತಂತೆ. ನಡ್ಯಾಕಾಯ್ತಿರ್ಲಿಲ್ಲ, ಅದುಕ್ಕೇ ಕೂರೋ ಜಾಗುದ್ ಗಂಟ ಗಾಡೀಲೇ ಓಗೋರು. ನಿಮ್ಗ್ ಗೊತ್ತಿರ್ಲಿಲ್ವಾ?"

ನನಗೆ ಗೊತ್ತಿರಲಿಲ್ಲ. ನನ್ನ ಕುಂಟನ್ನು ಅವರು ಹತ್ತು ಹೆಜ್ಜೆಯಲ್ಲಿ ಕಂಡರು. ಹನ್ನೆರಡು ವರ್ಷ ಅವರ ಪಕ್ಕದಲ್ಲೇ ಕೂತು ಲೋಕದವರ ಕಾಲನ್ನೆಲ್ಲ ತೋರಿಸಿದ ನಾನು, ಒಂದು ದಿನವೂ ಅವರ ಕಾಲನ್ನು ನೋಡಲಿಲ್ಲ. ದಾರದ ಇನ್ನೊಂದು ತುದಿಯನ್ನು ನಾನು ಹಿಡಿದುಕೊಂಡೆ, ಅವರ ಮಗ ಗಂಟು ಹಾಕಿದರು.